ನಿವೇಶನವನ್ನು ಪುಷ್ಯ ಮಳೆಯಲ್ಲಿ ನೋಡಿ

(ಸಕಲೇಶಪುರ, ಆಲೂರು ಭಾಗದಲ್ಲಿ ಹೊಸದಾಗಿ ಮನೆ ಕಟ್ಟಿಸಹೊರಟವರ ಮುಂದೆ ಮಾಡಿದ ಭಾಷಣದ ಬರಹರೂಪ)



ಮನೆ ಕಟ್ಟಿಸಲು ಹೊರಟವರು ನಮ್ಮಲ್ಲಿ ಮೊದಲು ಕೇಳುವ ಪ್ರಶ್ನೆಗಳು ಗೊತ್ತಿರುವಂಥವೇ. ತಲೆಬಾಗಿಲು ಯಾವ ದಿಕ್ಕಿಗೆ ಬರಬೇಕು, ಅಡಿಗೆಮನೆ ಆಗ್ನೇಯಕ್ಕೆ ಸಿಕ್ಕೀತೆ, ಆಯ ಕೂಡಿಬಂದೀತೆ, ಬಾವಿಯನ್ನು ಈಶಾನ್ಯದಲ್ಲಿ ತೋಡಲು ಜಾಗ ಉಳಿದೀತೆ? ಈ ಪ್ರಶ್ನೆಗಳಿಗೆ ಉತ್ತರ ಹೇಳುವ ವಾಸ್ತುಗ್ರಂಥಗಳಲ್ಲೇ ಇವೆಲ್ಲಕ್ಕೂ ಮುಂಚೆ ಬರುವ ಒಂದು ಭಾಗವುಂಟು. ಭೂಪರೀಕ್ಷೆ ಎಂದು ಅದರ ಹೆಸರು. ನೆಲ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನವಾದ ಮೇಲಷ್ಟೆ ದಿಕ್ಕಿನ ಮಾತು. ದಿಕ್ಕು, ಆಯಗಳನ್ನು ಜೋಪಾನವಾಗಿ ಉಳಿಸಿಕೊಂಡ ನಾವು ಅದೇಕೋ ಈ ಮೊದಲ ಪಾಠವನ್ನು ಕೈಬಿಟ್ಟಿದ್ದೇವೆ. ಸಕಲೇಶಪುರ, ಆಲೂರುಗಳ ಗುಡ್ಡಗಳಲ್ಲಿ ಮನೆ ಕಟ್ಟುವವರು ಅದನ್ನು ಮತ್ತೆ ಕೈಗೆತ್ತಿಕೊಳ್ಳಬೇಕು. ಆದರೆ ನಮ್ಮ ಮಳೆಗೆ, ನಮ್ಮ ಇಳಿಜಾರಿಗೆ ತಕ್ಕಂತೆ ತಿದ್ದಿಕೊಂಡು ಓದಬೇಕು. ಇಂದಿನ ನನ್ನ ಮಾತಿನ ಸಾರಾಂಶ ಇಷ್ಟೇ.

ಭೂಪರೀಕ್ಷೆಯ ಕ್ರಮ ಬಹಳ ಸರಳ. ಮನೆ ಕಟ್ಟಬೇಕೆಂದಿರುವ ಜಾಗದಲ್ಲಿ ಒಂದು ಮೊಳ ಉದ್ದ, ಒಂದು ಮೊಳ ಅಗಲ, ಒಂದು ಮೊಳ ಆಳದ ಗುಂಡಿ ತೋಡಬೇಕು. ತೆಗೆದ ಮಣ್ಣನ್ನೇ ಮತ್ತೆ ಅದಕ್ಕೆ ತುಂಬಬೇಕು. ಗುಂಡಿ ತುಂಬಿಯೂ ಮಣ್ಣು ಮಿಕ್ಕರೆ ಉತ್ತಮ, ಸಮವಾದರೆ ಮಧ್ಯಮ, ಮಣ್ಣು ಸಾಲದೆ ಹೋದರೆ ಅಧಮ. ಇನ್ನೊಂದು ಪರೀಕ್ಷೆ ನೀರಿನದು. ಅದೇ ಗುಂಡಿಗೆ ನೀರು ತುಂಬಿ, ನೂರು ಹೆಜ್ಜೆ ನಡೆದು ಹಿಂದಿರುಗಿ ನೋಡಬೇಕು. ಇಲ್ಲವೆ ಸಂಜೆ ತುಂಬಿ ಬೆಳಿಗ್ಗೆ ನೋಡಬೇಕು. ನೀರು ನಿಂತಿದ್ದರೆ ಶುಭ, ಇಂಗಿ ಒಣಗಿದ್ದರೆ ಅಶುಭ.

ಇದರಲ್ಲಿ ಮೂಢನಂಬಿಕೆಯೇನೂ ಇಲ್ಲ. ಗಟ್ಟಿಯಾಗಿ ಕೂತಿರುವ ಮಣ್ಣನ್ನು ಅಗೆದರೆ ಅದು ಸಡಿಲಗೊಂಡು ಉಬ್ಬುತ್ತದೆ, ಆದ್ದರಿಂದ ಗುಂಡಿಗೆ ತುಂಬಿದಾಗ ಮಿಗುತ್ತದೆ. ನೆಲ ಮೊದಲೇ ಪೊಳ್ಳಾಗಿದ್ದರೆ, ಇಲಿ ಹೆಗ್ಗಣಗಳ ಬಿಲವಿದ್ದರೆ, ಹಿಂದೆಂದೋ ಯಾರೋ ತಂದು ಸುರಿದ ಮಣ್ಣಾಗಿದ್ದರೆ, ಅದು ಸಾಲದಾಗುತ್ತದೆ. ಇಂದಿನ ಎಂಜಿನಿಯರುಗಳು ಇದನ್ನೇ ಬೇರೆ ರೀತಿಯಲ್ಲಿ ಮಾಡುತ್ತಾರೆ. ಕೊಳವೆ ಕೊರೆದು, 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ, ಸಲಾಕೆ 30 ಸೆಂ.ಮೀ. ಇಳಿಯಲು ಎಷ್ಟು ಏಟು ಬೇಕಾಯಿತೆಂದು ಎಣಿಸುತ್ತಾರೆ. ಏಟು ಹೆಚ್ಚಾದಷ್ಟೂ ನೆಲ ಗಟ್ಟಿ. ಮೊಳದ ಗುಂಡಿಯೂ ಸುತ್ತಿಗೆಯ ಏಟೂ ಕೇಳುವುದು ಒಂದೇ ಪ್ರಶ್ನೆಯನ್ನು: ಈ ನೆಲ ಭಾರ ಹೊತ್ತೀತೆ?

ಬಯಲುಸೀಮೆಯ ಶಾಸ್ತ್ರ

ಇಂಥ ತಿಳಿವಳಿಕೆ ಕನ್ನಡಕ್ಕೆ ಬಹಳ ಹಿಂದೆಯೇ ಬಂದಿದೆ. ಚಾಲುಕ್ಯ ದೊರೆ ಜಯಸಿಂಹನ ಕಾಲದ ಚಾವುಂಡರಾಯನು ಸುಮಾರು 1025ರಲ್ಲಿ ‘ಲೋಕೋಪಕಾರ’ ಎಂಬ ಗ್ರಂಥ ಬರೆದ. ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ ಬೇರೆ, ಈತ ಬೇರೆ. ಜನಸಾಮಾನ್ಯರಿಗೆ ಬೇಕಾಗುವ ವಿಷಯಗಳನ್ನೆಲ್ಲ ಕಲೆಹಾಕಿದ ಆ ಪುಸ್ತಕದಲ್ಲಿ ವಾಸ್ತುವೂ ಇದೆ, ಅಡುಗೆಯೂ ಇದೆ, ನೆಲದಡಿಯ ನೀರನ್ನು ಪತ್ತೆಹಚ್ಚುವ ಉದಕಾರ್ಗಳವೂ ಇದೆ. ಅದಕ್ಕೂ ಮುಂಚೆ, 6ನೆಯ ಶತಮಾನದಲ್ಲಿ, ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ಇದೇ ವಿಷಯಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದ. ಹುತ್ತ ಎಲ್ಲಿದೆ, ನೇರಳೆ ಅತ್ತಿ ಮರಗಳು ಎಲ್ಲಿವೆ ಎಂಬುದರ ಮೇಲೆ ನೀರಿನ ಆಳವನ್ನು ಊಹಿಸುವ ಕ್ರಮ ಅಲ್ಲಿದೆ. ಗೆದ್ದಲಿಗೆ ತೇವ ಬೇಕು, ಕೆಲವು ಮರಗಳಿಗೆ ಬೇರಿಗೆಟಕುವಷ್ಟರಲ್ಲಿ ನೀರು ಬೇಕು. ಒಣನಾಡಿನಲ್ಲಿ ಇವು ಗಮನಿಸತಕ್ಕ ಗುರುತುಗಳೇ.

ಆದರೆ ಒಂದು ವಿಷಯ ಮರೆಯಬಾರದು. ಈ ಗ್ರಂಥಗಳು ನೀರಿಗಾಗಿ ಹಂಬಲಿಸುವ ನಾಡನ್ನು ಮುಂದಿಟ್ಟುಕೊಂಡು ಬರೆದವು. ಅಲ್ಲಿ ನೀರು ಸಿಕ್ಕುವುದು ಭಾಗ್ಯ, ಗುಂಡಿಯಲ್ಲಿ ನೀರು ನಿಲ್ಲುವುದು ಶುಭ. ನಮ್ಮ ಹಾಸನ ಜಿಲ್ಲೆಯಲ್ಲೇ ಅರಸೀಕೆರೆಯ ಕಡೆ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ, ಪಶ್ಚಿಮಕ್ಕೆ ಬಂದರೆ ಸಕಲೇಶಪುರದಲ್ಲಿ 2000 ಮಿ.ಮೀ. ದಾಟುತ್ತದೆ, ಘಟ್ಟದ ಅಂಚಿನಲ್ಲಿ ಇನ್ನೂ ಬಹಳ ಹೆಚ್ಚು. ಅರಸೀಕೆರೆಯಲ್ಲಿ ಮನೆ ಕಟ್ಟುವವನು ‘ಇಲ್ಲಿ ನೀರು ಎಲ್ಲಿದೆ?’ ಎಂದು ಕೇಳುತ್ತಾನೆ. ಹೇಮಾವತಿಯ ಈಚೆಗೆ, ಘಟ್ಟದ ಕಡೆ ಮನೆ ಕಟ್ಟುವವನು ಕೇಳಬೇಕಾದದ್ದು ‘ಇಲ್ಲಿಗೆ ಬಂದ ನೀರು ಎಲ್ಲಿ ಹೋಗುತ್ತದೆ?’ ಎಂದು. ಪ್ರಶ್ನೆ ಬದಲಾದರೆ ಪರೀಕ್ಷೆಯೂ ಬದಲಾಗಬೇಕು.

ಎಡಕುಮೇರಿಯ ಪಾಠ

ಈ ಮಾತಿಗೆ ಪುರಾವೆ ಬೇಕಾದವರು ದೂರ ಹೋಗಬೇಕಾಗಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗೆ ಘಟ್ಟ ಇಳಿಯುವ ಸುಮಾರು 55 ಕಿ.ಮೀ. ರೈಲುದಾರಿಯನ್ನು ನೋಡಿದರೆ ಸಾಕು. ದಟ್ಟ ಕಾಡಿನ ನಡುವೆ ಇರುವ ಎಡಕುಮೇರಿ ಆ ದಾರಿಯ ಒಂದು ಪುಟ್ಟ ನಿಲ್ದಾಣ. 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು, 50 ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವ ಏರಿಳಿತ. ಹಾಸನ–ಮಂಗಳೂರು ಮೀಟರ್‌ಗೇಜ್ ಮಾರ್ಗ 1979ರಲ್ಲಿ ಸಂಚಾರಕ್ಕೆ ತೆರೆಯಿತು. 1996ರಲ್ಲಿ ಬ್ರಾಡ್‌ಗೇಜ್ ಕೆಲಸಕ್ಕೆಂದು ಘಟ್ಟದ ಸಂಚಾರ ನಿಂತು, 2006ರಲ್ಲಿ ಸರಕು ಗಾಡಿಗಳು, 2007ರ ಕೊನೆಗೆ ಪ್ರಯಾಣಿಕರ ಗಾಡಿಗಳು ಮತ್ತೆ ಓಡಿದವು.

ಮಣ್ಣು, ಬಂಡೆ, ನೀರುಗಳ ಬಗ್ಗೆ ರೈಲ್ವೆಯವರಿಗಿಂತ ಹೆಚ್ಚು ಜಾಗರೂಕರಾಗಿ ಕಟ್ಟುವವರು ಯಾರು? ಆದರೂ 2018ರ ಆಗಸ್ಟ್‌ನಲ್ಲಿ ಈ ಮಾರ್ಗದ ಮೇಲೆ ಅಲ್ಲಲ್ಲಿ ಗುಡ್ಡ ಜರಿದು ಸಂಚಾರ ನಿಂತಿತು. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿಗಳ ನಡುವೆ ಹಳಿಯ ಬುಡದ ಮಣ್ಣೇ ಜಾರಿತು. ಸುಮಾರು ಎರಡು ವಾರ ಪ್ರಯಾಣಿಕರ ರೈಲು ಓಡಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಸಕಲೇಶಪುರ ಮತ್ತು ಬಾಳ್ಳುಪೇಟೆಗಳ ನಡುವೆಯೂ ಹಳಿಯ ಮೇಲೆ ಮಣ್ಣು ಬಿತ್ತು. ಬಾಳ್ಳುಪೇಟೆ ಘಟ್ಟದ ಕಡಿದಾದ ಮುಖದಲ್ಲಿಲ್ಲ, ಆಲೂರಿನ ಕಡೆಯ ಸೌಮ್ಯವಾದ ಏರುತಗ್ಗಿನಲ್ಲಿದೆ. ‘ನಮ್ಮದು ಘಟ್ಟವಲ್ಲ, ನಮಗೇನು ಭಯ’ ಎನ್ನುವವರು ಇದನ್ನು ಗಮನಿಸಬೇಕು.

ಇಂಥ ಕುಸಿತಗಳ ತಾರೀಖುಗಳನ್ನು ನಮ್ಮ ರೈತರ ಮಳೆನಕ್ಷತ್ರಗಳ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಅಂಕೋಲೆಯ ಶಿರೂರು, 2024ರ ಜುಲೈ 16: ಪುನರ್ವಸು. ಎಡಕುಮೇರಿ, ಜುಲೈ 26: ಪುಷ್ಯ. ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ, ಜುಲೈ 30: ಪುಷ್ಯ. ತಲಕಾವೇರಿಯ ಬ್ರಹ್ಮಗಿರಿ, 2020ರ ಆಗಸ್ಟ್ 6: ಆಶ್ಲೇಷ. ಕೊಡಗಿನ ದೊಡ್ಡ ಕುಸಿತಗಳು, 2018ರ ಆಗಸ್ಟ್ ನಡುಭಾಗ: ಆಶ್ಲೇಷದ ಕೊನೆ. ಮೃಗಶಿರಾ, ಆರಿದ್ರಾ ಮಳೆಗಳೂ ಧೋ ಎಂದು ಸುರಿಯುತ್ತವೆ, ಆದರೂ ಈ ಪಟ್ಟಿಯಲ್ಲಿ ಅವು ಇಲ್ಲ. ಮೊದಲ ಮಳೆಗಳನ್ನು ಗುಡ್ಡ ಕುಡಿಯುತ್ತದೆ. ಹೊಟ್ಟೆ ತುಂಬಿದ ಮೇಲೆ ಬೀಳುವ ಮಳೆಯನ್ನು ಅದು ತಾಳಲಾರದು.

ಗುಡ್ಡದ ಹೊಟ್ಟೆಯೊಳಗೆ

ಗುಡ್ಡದ ಹೊಟ್ಟೆಯಲ್ಲಿ ಏನಿದೆ? ಮೇಲೆ ಒಂದೆರಡು ಅಡಿ ಕಪ್ಪು ಮಣ್ಣು, ಎಲೆಗೊಬ್ಬರ. ಅದರಡಿ ಕೆಂಪು ಮಣ್ಣು, ಕೆಲವೆಡೆ ಜಂಬಿಟ್ಟಿಗೆ. ಅದರಡಿ ಬಿಳಿ, ನಸುಗೆಂಪು, ಹಳದಿ ಬಣ್ಣಗಳ ನುಣುಪಾದ ಶೇಡಿಮಣ್ಣು. ಕೊನೆಗೆ ಕೊಳೆತ ಬಂಡೆ, ಗಟ್ಟಿ ಬಂಡೆ. ಇವೆಲ್ಲ ಬಹುಮಟ್ಟಿಗೆ ಒಂದೇ ಬಂಡೆ ಲಕ್ಷಾಂತರ ವರ್ಷ ಮಳೆ ಬಿಸಿಲುಗಳಲ್ಲಿ ಶಿಥಿಲವಾದುದರ ಹಂತಗಳು. ಈ ಪೈಕಿ ಮೋಸಗಾರ ಎಂದರೆ ಶೇಡಿ. ಬೇಸಿಗೆಯಲ್ಲಿ ಅದನ್ನು ಕಡಿದರೆ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ಗುದ್ದಲಿಗೂ ಬಗ್ಗದು. ನೀರು ಕುಡಿದರೆ ಅದರ ಶಕ್ತಿಯೆಲ್ಲ ಇಳಿದುಹೋಗುತ್ತದೆ.

ಮೇಲಿನ ಸಡಿಲ ಮಣ್ಣಿನಲ್ಲಿ ಸಲೀಸಾಗಿ ಇಳಿದ ಮಳೆನೀರು ಶೇಡಿಯ ಬಳಿಯೋ ಬಂಡೆಯ ಬಳಿಯೋ ತಡೆದು, ಇಳಿಜಾರಿನ ಗುಂಟ ಒಳಗೊಳಗೇ ಹರಿಯತೊಡಗುತ್ತದೆ. ನೆಲದ ಮೈ ತಗ್ಗಿದ ಕಡೆ ಹೊರಗೆ ಬರುತ್ತದೆ. ನಮ್ಮವರು ‘ಜಲ ಎದ್ದಿದೆ’ ಎನ್ನುವುದು ಇದನ್ನೇ. ಅಂಗಳದಲ್ಲಿ, ಕೆಲವೊಮ್ಮೆ ನಡುಮನೆಯಲ್ಲೇ ಜಲ ಏಳುವುದುಂಟು. ಆ ಜಲ ಹೊರಗೆ ಹರಿಯುತ್ತಿರುವಷ್ಟು ದಿನ ಗುಡ್ಡಕ್ಕೆ ಕ್ಷೇಮ. ಹೊರದಾರಿ ಮುಚ್ಚಿಹೋದರೆ ಒಳಗಿನ ನೀರಿನ ಮಟ್ಟ ಏರುತ್ತದೆ. ಅಕ್ಕಿಯ ರಾಶಿ ನಿಂತಿರುವುದು ಕಾಳುಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದ. ಇಳಿಜಾರಿನ ಮಣ್ಣೂ ಹಾಗೆಯೇ. ಒಳಗಿನ ನೀರು ಈ ಕಣಗಳನ್ನು ದೂಡಿ ಹಿಡಿತ ಸಡಿಲಿಸುತ್ತದೆ, ಜೊತೆಗೆ ಮಣ್ಣಿನ ತೂಕವನ್ನೂ ಹೆಚ್ಚಿಸುತ್ತದೆ. ಭಾರ ಹೆಚ್ಚಾಗಿ ಹಿಡಿತ ಕಡಿಮೆಯಾದ ಗಳಿಗೆಯಲ್ಲಿ ಧರೆ ಜರಿಯುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 30 ಅಡಿಗೆ 40 ಅಡಿಯ ನಿವೇಶನದಲ್ಲಿ ಒಂದು ದಿನ 100 ಮಿ.ಮೀ. ಮಳೆಯಾದರೆ 11 ಸಾವಿರ ಲೀಟರ್, ಅಂದರೆ 11 ಟನ್ ನೀರು. ಘಟ್ಟದ ಅಂಚಿನಲ್ಲಿ ಇಂಥ ದಿನಗಳು ಸಾಲುಗಟ್ಟಿ ಬರುತ್ತವೆ. ಇದು ನಿಮ್ಮ ನಿವೇಶನದ ನೀರು ಮಾತ್ರ. ಮೇಲಿನ ತೋಟದಿಂದ ಇಳಿದು ಬರುವುದು ಬೇರೆ.

ನಾವು ಮಾಡುತ್ತಿರುವುದೇನು?

ಈಗ ಮನೆ ಕಟ್ಟುವ ಕ್ರಮಕ್ಕೆ ಬರೋಣ. ನಾವು ನಿವೇಶನ ನೋಡುವುದು ಸಂಕ್ರಾಂತಿಯ ನಂತರ, ಕಾಫಿ ಕುಯ್ಲು ಮುಗಿದು ಕೈಯಲ್ಲಿ ಹಣ ಓಡಾಡುವಾಗ. ಆಗ ಗುಡ್ಡ ಒಣಗಿ ಬಿರುಸಾಗಿರುತ್ತದೆ. ನೋಟ ಚೆನ್ನಾಗಿದೆ ಎಂದು ಇಳಿಜಾರನ್ನೇ ಕೊಳ್ಳುತ್ತೇವೆ. ಜೆಸಿಬಿ ತಂದು ಹಿಂದಿನ ಗುಡ್ಡ ಕಡಿದು, ಆ ಮಣ್ಣನ್ನೇ ಮುಂದಕ್ಕೆ ತಳ್ಳಿ ಸಮತಟ್ಟು ಮಾಡುತ್ತೇವೆ. ಮನೆಯ ಅರ್ಧ ಭಾಗ ಸಾವಿರಾರು ವರ್ಷ ಕೂತು ಗಟ್ಟಿಯಾದ ನೆಲದ ಮೇಲೆ, ಇನ್ನರ್ಧ ನಿನ್ನೆ ಸುರಿದ ಮಣ್ಣಿನ ಮೇಲೆ. ಮುಂದಿನ ಅರ್ಧ ಕುಗ್ಗಿದಾಗ ಎರಡರ ಸಂಧಿಯಲ್ಲಿ ಗೋಡೆ ಬಿರಿಯುತ್ತದೆ. ಮೊಳದ ಗುಂಡಿಯ ಪರೀಕ್ಷೆಯಲ್ಲಿ ‘ಅಧಮ’ವಾದ ನೆಲವನ್ನು ನಾವೇ ಕೈಯಾರೆ ತಯಾರಿಸಿಕೊಂಡಂತಾಯಿತು.

ಹಿಂದೆ ಕಡಿದ ಧರೆಗೆ ಒಂದು ತಡೆಗೋಡೆ ಕಟ್ಟಿ ನಿಶ್ಚಿಂತರಾಗುತ್ತೇವೆ. ನೀರು ಹೋಗಲು ಆ ಗೋಡೆಯಲ್ಲಿ ತೂತುಗಳಿಲ್ಲದಿದ್ದರೆ ಅದು ಅಣೆಕಟ್ಟಾಗುತ್ತದೆ. 3 ಮೀಟರ್ ಎತ್ತರದ ಗೋಡೆಯ ಹಿಂದೆ ತುದಿಯವರೆಗೆ ನೀರು ತುಂಬಿದರೆ, ಗೋಡೆಯ ಪ್ರತಿ ಮೀಟರ್ ಉದ್ದಕ್ಕೂ ನೀರೊಂದೇ ನಾಲ್ಕೂವರೆ ಟನ್ ಬಲದಿಂದ ದೂಡುತ್ತದೆ. ಮಣ್ಣಿನ ಒತ್ತಡ ಇದರ ಮೇಲೆ. ತಡೆಯಬೇಕಾದದ್ದು ಮಣ್ಣನ್ನು, ನೀರನ್ನು ಬಿಟ್ಟುಕೊಡಬೇಕು.

2018ರ ದುರಂತದ ನಂತರ ಕೊಡಗಿನಲ್ಲಿ ಅಧ್ಯಯನ ನಡೆಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು, ಮಳೆಯ ಜೊತೆಗೆ ಮನೆ ರಸ್ತೆಗಳಿಗಾಗಿ ಇಳಿಜಾರುಗಳನ್ನು ಕಡಿದದ್ದನ್ನೂ ಕಾರಣವೆಂದು ಎತ್ತಿ ತೋರಿಸಿತು. ಗುಡ್ಡಗಳ ಮೇಲೆಯೇ ಬೆಳೆದ ಹಾಂಗ್‌ಕಾಂಗ್ ನಗರ ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿಯಿತು. 1972ರ ಜೂನ್ 18ರಂದು ಒಂದೇ ದಿನ ಎರಡು ಕುಸಿತಗಳಲ್ಲಿ ಅಲ್ಲಿ 138 ಜನ ಸತ್ತರು. 1976ರಲ್ಲಿ ಮತ್ತೊಮ್ಮೆ ಸಾವುನೋವಾದ ಮೇಲೆ, 1977ರಲ್ಲಿ ಇಳಿಜಾರುಗಳ ಮೇಲ್ವಿಚಾರಣೆಗೆಂದೇ ಒಂದು ಸರ್ಕಾರಿ ಕಚೇರಿ ಹುಟ್ಟಿತು. ಮಳೆ ಅಲ್ಲಿ ಕಡಿಮೆಯಾಗಲಿಲ್ಲ, ಸಾವು ಕಡಿಮೆಯಾಯಿತು.

ಹಾಗಾದರೆ ಏನು ಮಾಡಬೇಕು?

ಮೊದಲನೆಯದು, ನಿವೇಶನವನ್ನು ಪುಷ್ಯ ಮಳೆಯಲ್ಲಿ, ಅಂದರೆ ಜುಲೈ 20ರಿಂದ ಆಗಸ್ಟ್ ಮೊದಲ ವಾರದೊಳಗೆ ಒಮ್ಮೆ ಹೋಗಿ ನೋಡಿ. ಕೊಡೆ ಹಿಡಿದು ಒಂದು ಗಂಟೆ ನಿಲ್ಲಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಇಂಗುತ್ತದೆ, ಎಲ್ಲಿ ಜಲ ಏಳುತ್ತದೆ ಎಂಬುದನ್ನು ನೆಲವೇ ಬರೆದು ತೋರಿಸುತ್ತದೆ. ಕೊಳ್ಳಲು ಆತುರವಿದ್ದರೆ ಪಕ್ಕದ ತೋಟದಲ್ಲಿ ಹತ್ತಿಪ್ಪತ್ತು ವರ್ಷ ಕೆಲಸ ಮಾಡಿದವರನ್ನು ಕೇಳಿ. ಯಾವ ಜಾಗದಲ್ಲಿ ಶೀತ ಹೆಚ್ಚಾಗಿ ಗಿಡ ಸಾಯುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ.

ಎರಡನೆಯದು, ನಿವೇಶನದ ಮೂರು ಕಡೆ, ಮೇಲೆ, ನಡುವೆ, ಕೆಳಗೆ, ಆಳೆತ್ತರದ ಗುಂಡಿ ತೋಡಿಸಿ. ಎರಡು ಆಳಿನ ಒಂದೆರಡು ದಿನದ ಕೂಲಿ ಸಾಕು. ಗುಂಡಿಯ ಗೋಡೆಯಲ್ಲಿ ಮಣ್ಣಿನ ಪದರಗಳನ್ನು ನೋಡಿ. ಕೆಂಪು ಮಣ್ಣಿನ ನಡುವೆ ಕಪ್ಪು ಮಣ್ಣೋ ಮರದ ತುಂಡೋ ಪ್ಲಾಸ್ಟಿಕ್ಕೋ ಸಿಕ್ಕರೆ ಅದು ತುಂಬಿದ ನೆಲ. ಶೇಡಿ ಎಷ್ಟು ಆಳದಲ್ಲಿದೆ ನೋಡಿ. ಅದರ ಒಂದು ಉಂಡೆಯನ್ನು ಬಕೆಟ್ ನೀರಿಗೆ ಹಾಕಿ, ಎಷ್ಟು ಬೇಗ ಕರಗುತ್ತದೆಂದು ಗಮನಿಸಿ. ಬೇಸಿಗೆಯಲ್ಲಿ ಗುಂಡಿಗೆ ನೀರು ಹೊಯ್ದು ನೋಡುವುದು ಶಾಸ್ತ್ರದ ಪರೀಕ್ಷೆ. ಮಳೆಗಾಲದಲ್ಲಿ ನಾವು ಹೊಯ್ಯಬೇಕಾಗಿಲ್ಲ. ಗುಂಡಿಯ ಸುತ್ತ ಬದು ಹಾಕಿ, ಮೇಲೆ ತಗಡು ಮುಚ್ಚಿ ಬಿಡಿ. ಆದರೂ ನೀರು ತುಂಬಿದರೆ ಅದು ಒಳಗಿನಿಂದ ಬಂದ ನೀರು. ಎಷ್ಟು ಎತ್ತರಕ್ಕೆ ತುಂಬಿತೋ ಅಲ್ಲಿಯವರೆಗೆ ನಿಮ್ಮ ಅಡಿಪಾಯ ನೀರಿನಲ್ಲಿ ನಿಲ್ಲುತ್ತದೆ ಎಂದು ತಿಳಿಯಿರಿ. ಗುಂಡಿಗಳಿಗೆ ಬೇಲಿ ಕಟ್ಟುವುದನ್ನು ಮಾತ್ರ ಮರೆಯಬೇಡಿ.

ಮೂರನೆಯದು, ಹತ್ತಿರದ ತೆರೆದ ಬಾವಿಯ ನೀರಿನ ಮಟ್ಟವನ್ನು ಯುಗಾದಿಯಲ್ಲೊಮ್ಮೆ, ಆಶ್ಲೇಷದಲ್ಲೊಮ್ಮೆ ಅಳೆಯಿರಿ. ಮಳೆಗಾಲದಲ್ಲಿ ನೀರು ಬಾವಿಯ ಕಟ್ಟೆಗೆ ಬರುವ ಜಾಗದಲ್ಲಿ ಶೌಚದ ಇಂಗುಗುಂಡಿಯೂ ತುಂಬುತ್ತದೆ, ಎರಡೂ ಒಂದಾಗುತ್ತವೆ. ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ ಕನಿಷ್ಠ 18 ಮೀಟರ್ ಅಂತರವಿರಬೇಕೆಂಬುದು ಭಾರತೀಯ ಮಾನಕ. ಇಳಿಜಾರಿನಲ್ಲಿ ಇನ್ನೊಂದು ಮಾತು ಸೇರಿಸಿಕೊಳ್ಳಬೇಕು: ಬಾವಿ ಮೇಲಿರಬೇಕು, ಗುಂಡಿ ಕೆಳಗಿರಬೇಕು. ದಿಕ್ಕು ಈಶಾನ್ಯವಾದರೂ ಸರಿ, ನೈಋತ್ಯವಾದರೂ ಸರಿ.

ನಾಲ್ಕನೆಯದು, ನೀರಿಗೆ ದಾರಿ ಕೊಡಿ. ಕಾಸರಗೋಡಿನ ಬಾಯಾರು, ಎಣ್ಮಕಜೆಗಳ ಕಡೆಯ ಕೃಷಿಕರು ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು, ಒಳಗಿನ ನೀರು ತಾನಾಗಿಯೇ ಹರಿದು ಬರುವಂತೆ ಮಾಡಿಕೊಂಡಿದ್ದಾರೆ. ಅವರಿಗೆ ಬೇಕಾದದ್ದು ತೋಟಕ್ಕೆ ನೀರು. ಇಂದು ಎಂಜಿನಿಯರುಗಳು ಜಾರುವ ಗುಡ್ಡಕ್ಕೆ ಅಡ್ಡ ಕೊಳವೆ ಕೊರೆದು ನೀರು ಬಸಿಯುವುದೂ ಅದೇ ಉಪಾಯದಿಂದ. ನಮ್ಮ ಮಟ್ಟಕ್ಕೆ ಇಷ್ಟು ಸಾಕು: ಧರೆಯ ಮೇಲ್ಗಡೆ ಅಡ್ಡಲಾಗಿ ಒಂದು ಬಸಿಗಾಲುವೆ, ತಡೆಗೋಡೆಯ ಹಿಂದೆ ಜಲ್ಲಿ, ಗೋಡೆಯಲ್ಲಿ ತೂತುಗಳು. ಅವನ್ನು ಪ್ರತಿ ವರ್ಷ ಮಳೆಗೆ ಮುಂಚೆ ಬಿಡಿಸಬೇಕು. ಹಳೆಯ ಮಲೆನಾಡಿನ ಮನೆಗಳ ಹಿಂದೆ ಇದ್ದ ಅಗಳು ಇದೇ ಕೆಲಸ ಮಾಡುತ್ತಿತ್ತು. ಹಳೆಯ ಮನೆಗಳೆಲ್ಲ ಒಳ್ಳೆಯ ಜಾಗದಲ್ಲಿದ್ದವು ಎಂದು ನಾನು ಹೇಳುವುದಿಲ್ಲ. ಕೆಟ್ಟ ಜಾಗದಲ್ಲಿದ್ದವು ಬಿದ್ದುಹೋಗಿವೆ, ಅದಕ್ಕೇ ನಮಗೆ ಕಾಣುವುದಿಲ್ಲ. ನಿಂತಿರುವ ಮನೆಗಳು ನೂರು ಪುಷ್ಯ ಮಳೆಗಳ ಪರೀಕ್ಷೆಯಲ್ಲಿ ಪಾಸಾದವು. ಅವು ಎಲ್ಲಿವೆ, ಹೇಗಿವೆ ಎಂದು ನೋಡಿ ಕಲಿಯಬಹುದು.

ಕೊನೆಯದು, ನಿಮ್ಮ ನಿವೇಶನವಷ್ಟೇ ನಿಮ್ಮ ನೆಲವಲ್ಲ. ಮೇಲಿನ ಗುಡ್ಡವೂ ನಿಮ್ಮ ಮನೆಯ ಭಾಗವೇ. ಚೂರಲ್‌ಮಲೆಯಲ್ಲಿ ನೂರಾರು ಜನರನ್ನು ಬಲಿ ತೆಗೆದುಕೊಂಡ ಮಣ್ಣು ಅವರ ಅಂಗಳದ್ದಲ್ಲ, ಕಿಲೋಮೀಟರುಗಳಾಚೆಯ ಬೆಟ್ಟದಿಂದ ಬಂದದ್ದು. ಭೂಕುಸಿತದ ಸಂಭವ ತೋರಿಸುವ ನಕ್ಷೆಗಳನ್ನು ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1:50,000 ಪ್ರಮಾಣದಲ್ಲಿ ಮಾಡಿದೆ. ಆ ನಕ್ಷೆಯ ಒಂದು ಸೆಂ.ಮೀ. ನೆಲದ ಮೇಲೆ ಅರ್ಧ ಕಿಲೋಮೀಟರು. 40 ಅಡಿಯ ನಿವೇಶನ ಒಂದು ಚುಕ್ಕಿಯಷ್ಟೂ ಆಗದು. ಆದ್ದರಿಂದ ನಕ್ಷೆ ನಿಮ್ಮ ಅಂಗಳದ ವಿಷಯ ಹೇಳಲಾರದು, ನಿಮ್ಮ ಗುಂಡಿ ಬೆಟ್ಟದ ವಿಷಯ ಹೇಳಲಾರದು. ಎರಡನ್ನೂ ನೋಡಬೇಕು. ಮೇಲಿನ ನೆಲದಲ್ಲಿ ಬಿಲ್ಲಿನಾಕಾರದ ಬಿರುಕು ಕಂಡರೆ, ಮರಗಳು ಹೊಸದಾಗಿ ವಾಲತೊಡಗಿದರೆ, ತಿಳಿಯಾಗಿದ್ದ ಒರತೆ ಕೆಂಪಾದರೆ ಅಥವಾ ಮಳೆಯ ನಡುವೆ ಹಳ್ಳದ ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೆ, ಪರೀಕ್ಷೆಯ ಕಾಲ ಮುಗಿಯಿತೆಂದೇ ಅರ್ಥ. ಆಗ ಮನೆ ಬಿಟ್ಟು ಹೊರಡಬೇಕು, ಮರುದಿನದವರೆಗೆ ಕಾಯಬಾರದು.

ಇಷ್ಟೆಲ್ಲ ನೋಡಿದ ಮೇಲೆ ಕೆಲವು ನಿವೇಶನಗಳ ಬಗ್ಗೆ ಬರುವ ಉತ್ತರ ‘ಬೇಡ’ ಎಂದೇ ಇರುತ್ತದೆ. ಮುಂಗಡ ಕೊಡುವ ಮುಂಚೆ ಆ ಮಾತು ಕೇಳಿಬಂದರೆ ಒಂದು ವರ್ಷ ತಡವಾದೀತು, ಅಷ್ಟೆ. ಒಂದು ಮನೆಗೆ ಜೀವಮಾನದ ಉಳಿತಾಯವನ್ನೂ ಮಕ್ಕಳ ನಿದ್ದೆಯನ್ನೂ ಒಪ್ಪಿಸುವವರಿಗೆ ಒಂದು ಮಳೆಗಾಲ ಕಾಯುವುದು ದೊಡ್ಡ ಮಾತಲ್ಲ. ನೆಲ ಒಪ್ಪಿದ ಮೇಲೆ ದಿಕ್ಕು ಕೇಳೋಣ, ಆಯ ಕೇಳೋಣ, ಮುಹೂರ್ತವನ್ನೂ ಇಡೋಣ.